ಪ್ರವಾಸ ಪ್ರಶ್ನೋತ್ತರ: ಯುರೋಪಿನಲ್ಲಿ ಯಾವ ರಾತ್ರಿಗೆ ಕೊಠಡಿ ಮೊದಲೇ ಬೇಕು?

ಯುರೋಪ್ ಪ್ರವಾಸಕ್ಕೆ ಹೊರಡುವ ಮುನ್ನವೇ ಹೋಟೆಲುಗಳನ್ನು ಕಾಯ್ದಿರಿಸಬೇಕೇ ಎಂಬ ವಿಚಾರವಾಗಿ ಈ ಬಾರಿ ಹಲವು ಪತ್ರಗಳು ಬಂದಿವೆ. ಪ್ರಶ್ನೆ ಒಂದೇ ಆದರೂ ಕೇಳಿದವರ ಪರಿಸ್ಥಿತಿ ಬೇರೆ ಬೇರೆ ಇರುವುದರಿಂದ, ಆಯ್ದ ಪತ್ರಗಳಿಗೆ ಪ್ರತ್ಯೇಕವಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ದಂಪತಿ, ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳೊಂದಿಗೆ ಜೂನ್ ತಿಂಗಳಲ್ಲಿ ಮೂರು ವಾರ ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್ ಮತ್ತು ರೋಮ್ ನೋಡಿಬರಬೇಕೆಂದಿದ್ದೇವೆ. ಟೂರ್ ಕಂಪನಿಯನ್ನು ನೆಚ್ಚದೆ ನಾವೇ ರೈಲಿನಲ್ಲಿ ಓಡಾಡುವ ಯೋಚನೆ. ಎಲ್ಲವನ್ನೂ ಮೊದಲೇ ಬುಕ್ ಮಾಡಿಬಿಟ್ಟರೆ ಯಾವುದಾದರೂ ಊರು ಮನಸ್ಸಿಗೆ ಹಿಡಿಸಿದರೂ ಇನ್ನೊಂದು ದಿನ ಉಳಿಯಲಾಗುವುದಿಲ್ಲ, ಅಲ್ಲಿಗೆ ಹೋದ ಮೇಲೆ ಹುಡುಕಿದರೆ ಅಗ್ಗವಾಗಿಯೂ ಸಿಗುತ್ತದೆ ಎಂಬುದು ನಮ್ಮ ಮನೆಯವರ ವಾದ. ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಹೋಟೆಲ್ ಹುಡುಕುವ ಧೈರ್ಯ ನನಗಿಲ್ಲ. ಯಾರ ಮಾತು ಸರಿ?

ಉತ್ತರ: ನಿಮ್ಮ ಮಾತು ಸರಿ. ಹಾಗೆಂದು ನಿಮ್ಮ ಪತಿಯವರ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದು ಇಬ್ಬರು ಹೋಗುವಾಗ, ಅದರಲ್ಲೂ ಜನಸಂದಣಿಯಿಲ್ಲದ ತಿಂಗಳಲ್ಲಿ ಹೋಗುವಾಗ, ಬಹುಮಟ್ಟಿಗೆ ನಿಜ. ನಾಲ್ವರು ಜೂನ್ ತಿಂಗಳಲ್ಲಿ ಹೋಗುವಾಗ ನಿಜವಲ್ಲ.

ಯುರೋಪಿನ ಹಳೆಯ ನಗರಗಳ ಹೋಟೆಲುಗಳಲ್ಲಿ ಬಹುಪಾಲು ಕೊಠಡಿಗಳು ಇಬ್ಬರಿಗೆಂದೇ ಇರುವಂಥವು. ಪ್ಯಾರಿಸ್ ನಗರದ ನಡುಭಾಗದ ಸಣ್ಣ ಹೋಟೆಲಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್‌ಗಳನ್ನು ಒಟ್ಟಿಗೆ ನೆಲದ ಮೇಲೆ ಬಿಚ್ಚಿಟ್ಟರೆ ಬಾತ್‌ರೂಮಿಗೆ ಹೋಗಲು ದಾರಿ ಉಳಿಯುವುದಿಲ್ಲ. ಲಿಫ್ಟ್ ಇದ್ದರೂ ಅದರೊಳಗೆ ಒಬ್ಬರು ಮತ್ತು ಒಂದು ಪೆಟ್ಟಿಗೆ ಹಿಡಿಸಿದರೆ ಹೆಚ್ಚು. ಒಂದು ಕೊಠಡಿಯಲ್ಲಿ ಎಷ್ಟು ಮಂದಿ ಮಲಗಬಹುದೆಂಬುದನ್ನು ಹೋಟೆಲಿನವರು ಮೊದಲೇ ನಿಗದಿಪಡಿಸಿರುತ್ತಾರೆ. ಇಬ್ಬರ ಹೆಸರಿನಲ್ಲಿ ಬುಕ್ ಮಾಡಿ, ನಾಲ್ವರು ಹೋಗಿ ನಿಂತು, ಮಕ್ಕಳು ಕೆಳಗೆ ಹಾಸಿಕೊಂಡು ಮಲಗುತ್ತಾರೆ ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಎರಡನೆಯ ಕೊಠಡಿ ತೆಗೆದುಕೊಳ್ಳಿ ಎನ್ನುತ್ತಾರೆ, ಅದು ಖಾಲಿ ಇದ್ದರೆ. ನಾಲ್ವರಿಗೆ ಸಾಲುವ ಫ್ಯಾಮಿಲಿ ರೂಮ್‌ಗಳು ಸಣ್ಣ ಹೋಟೆಲುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇರುತ್ತವೆ ಮತ್ತು ಎಲ್ಲಕ್ಕಿಂತ ಮೊದಲು ಭರ್ತಿಯಾಗುವುದೂ ಅವೇ. ಆದ್ದರಿಂದ ಹುಡುಕುವಾಗಲೇ ಮಕ್ಕಳ ಸಂಖ್ಯೆ ಮತ್ತು ವಯಸ್ಸನ್ನು ನಮೂದಿಸಿ ನೋಡಿ. ದರ ಏರುತ್ತದೆಂದು ಅದನ್ನು ಬಿಟ್ಟುಬಿಡುವವರಿದ್ದಾರೆ. ಆ ಉಳಿತಾಯ ರಿಸೆಪ್ಷನ್ ಕೌಂಟರಿನ ಮುಂದೆ ಕರಗಿಹೋಗುತ್ತದೆ.

ಎರಡನೆಯದು ವೀಸಾ. ನೀವು ಹೇಳಿದ ಊರುಗಳೆಲ್ಲ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾದ ಮೇಲೆ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದಲ್ಲಿವೆ. 2025ರ ಜನವರಿಯಲ್ಲಿ ರೊಮೇನಿಯಾ ಮತ್ತು ಬಲ್ಗೇರಿಯಾ ಪೂರ್ಣವಾಗಿ ಸೇರಿಕೊಂಡ ಮೇಲೆ ಈ ವಲಯದಲ್ಲಿ 29 ದೇಶಗಳಾಗಿವೆ. ಭಾರತೀಯ ಪಾಸ್‌ಪೋರ್ಟ್ ಹೊಂದಿದವರು ವೀಸಾ ಅರ್ಜಿಯ ಜೊತೆಗೆ ತಂಗುವ ವ್ಯವಸ್ಥೆಯ ದಾಖಲೆಯನ್ನೂ ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಪ್ರವಾಸದ ಅಷ್ಟೂ ರಾತ್ರಿಗಳಿಗೆ ಅದನ್ನು ಕೇಳುತ್ತಾರೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ಕಡೇ ಪಕ್ಷ 15 ದಿನಗಳಿಗೆ ಮುಂಚೆಯಾದರೂ ಸಲ್ಲಿಸಿರಬೇಕು. ಹೀಗಾಗಿ ಬುಕ್ ಮಾಡಬೇಕೋ ಬೇಡವೋ ಎಂಬ ಚರ್ಚೆಯನ್ನು ನಿಮ್ಮ ಮಟ್ಟಿಗೆ ವೀಸಾ ಕಚೇರಿಯೇ ಮುಗಿಸಿಬಿಟ್ಟಿದೆ. ಯಾವ ಬುಕಿಂಗನ್ನು ಬದಲಾಯಿಸಲು ಬರುವಂತೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. ಉಚಿತವಾಗಿ ರದ್ದುಪಡಿಸಬಹುದಾದ ದರದಲ್ಲಿ ಎಲ್ಲ ರಾತ್ರಿಗಳಿಗೂ ಕೊಠಡಿ ಹಿಡಿದು, ವೀಸಾ ಬಂದ ಮೇಲೆ ಒಂದೊಂದನ್ನೇ ಪಕ್ಕಾ ಮಾಡಿಕೊಳ್ಳುವುದು ಸುರಕ್ಷಿತ ದಾರಿ. ರದ್ದುಪಡಿಸುವ ಗಡುವನ್ನು ಆಯಾ ಹೋಟೆಲಿನ ಸ್ಥಳೀಯ ಸಮಯದಲ್ಲಿ ಲೆಕ್ಕ ಹಾಕುತ್ತಾರೆಂಬುದನ್ನು ಮರೆಯಬೇಡಿ. ಫ್ರಾನ್ಸ್, ಇಟಲಿಗಳ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತದೆ.

ಇನ್ನು ಸ್ವಾತಂತ್ರ್ಯದ ಮಾತು. ಹೋಟೆಲನ್ನು ಕಾಯ್ದಿರಿಸದೆ ಬಿಟ್ಟರೂ ರೈಲು ನಿಮ್ಮನ್ನು ಕಟ್ಟಿಹಾಕುತ್ತದೆ. ಪ್ಯಾರಿಸ್ಸಿನಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಟಿಜಿವಿ ಲಿರಿಯಾ ರೈಲಿನಲ್ಲಿ ಆಸನ ಕಾಯ್ದಿರಿಸುವುದು ಕಡ್ಡಾಯ; ವೆನಿಸ್ಸಿನಿಂದ ರೋಮ್‌ಗೆ ಓಡುವ ವೇಗದ ರೈಲುಗಳಲ್ಲಿಯೂ ಹಾಗೆಯೇ, ಮತ್ತು ಅಲ್ಲಿ ಬೇಗ ಕೊಂಡ ಅಗ್ಗದ ಟಿಕೆಟ್ಟುಗಳನ್ನು ಬಹುತೇಕ ಬದಲಾಯಿಸಲು ಬರುವುದಿಲ್ಲ. ನಾಲ್ಕು ಟಿಕೆಟ್ಟು ಕಳೆದುಕೊಂಡು ಒಂದು ದಿನ ಹೆಚ್ಚು ಉಳಿಯುವ ಉತ್ಸಾಹ ಯಾರಿಗೂ ಇರಲಾರದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಪತಿಯವರು ಬಯಸುವ ಸಡಿಲಿಕೆ ಸಿಗಬೇಕಾದರೆ ತಂಗುವ ಊರುಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಉದಾಹರಣೆಗೆ ಸ್ವಿಟ್ಜರ್ಲೆಂಡಿನಲ್ಲಿ ಎರಡೆರಡು ರಾತ್ರಿಯಂತೆ ಮೂರು ಊರು ಸುತ್ತುವ ಬದಲು ಲೌಟರ್‌ಬ್ರುನ್ನೆನ್ ಅಥವಾ ಇಂಟರ್‌ಲಾಕೆನ್‌ನಲ್ಲಿ ಒಂದೇ ಕಡೆ ಐದಾರು ರಾತ್ರಿ ಇದ್ದುಬಿಡಿ. ಅಲ್ಲಿಂದ ಬೆಟ್ಟದ ರೈಲಿನಲ್ಲಿ ಏರಿಹೋಗುವ ಯುಂಗ್‌ಫ್ರೌಯೋಖ್ ನಿಲ್ದಾಣವಿರುವುದು ಸಮುದ್ರಮಟ್ಟದಿಂದ 3,454 ಮೀಟರ್ ಎತ್ತರದಲ್ಲಿ. ಮೋಡ ಮುಚ್ಚಿದ ದಿನ ಅಷ್ಟು ದುಡ್ಡು ಕೊಟ್ಟು ಮೇಲೆ ಹೋದರೆ ಕಾಣುವುದು ಬರೀ ಬಿಳುಪು. ಒಂದೇ ಕಡೆ ಬೀಡು ಬಿಟ್ಟವರು ಬೆಳಿಗ್ಗೆ ಎದ್ದು ಶಿಖರದ ನೇರ ಪ್ರಸಾರದ ಕ್ಯಾಮೆರಾ ನೋಡಿ, ಆಕಾಶ ತಿಳಿಯಾಗಿದ್ದರೆ ಮೇಲಕ್ಕೆ, ಇಲ್ಲವಾದರೆ ಕೆರೆಯ ಕಡೆಗೆ ಎಂದು ಅಂದೇ ತೀರ್ಮಾನಿಸಬಹುದು. ಆದರೆ ಲೌಟರ್‌ಬ್ರುನ್ನೆನ್ ಕಡಿದಾದ ಬಂಡೆಗಳ ನಡುವಿನ ಕಿರಿದಾದ ಕಣಿವೆ, ಅಲ್ಲಿರುವ ಹೋಟೆಲುಗಳೇ ಕೆಲವು. ಅಲ್ಲಿ ಸಿಗದಿದ್ದರೆ ಶ್ಪೀಟ್ಸ್ ಅಥವಾ ಥೂನ್ ಊರುಗಳಲ್ಲಿ ನೋಡಬಹುದು. ಎರಡೂ ಮುಖ್ಯ ರೈಲು ಮಾರ್ಗದ ಮೇಲಿವೆ.

ವೆನಿಸ್ ವಿಷಯದಲ್ಲಿ ದ್ವೀಪದ ಮೇಲೆ ತಂಗಬೇಕೋ, ಆಚೆ ದಡದ ಮೆಸ್ತ್ರೆಯಲ್ಲೋ ಎಂಬ ಪ್ರಶ್ನೆ ಬರುತ್ತದೆ. ಮೆಸ್ತ್ರೆ ಅಗ್ಗ; ದ್ವೀಪದ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ದ್ವೀಪದೊಳಗೆ ವಾಹನಗಳಿಲ್ಲ, ಪ್ರತಿ ಸೇತುವೆಗೂ ಮೆಟ್ಟಿಲು, ಪೆಟ್ಟಿಗೆಗಳನ್ನು ನೀವೇ ಎತ್ತಬೇಕು. ಎಂಟು ವರ್ಷದ ಮಗುವಿನೊಂದಿಗೆ ಹೋಗುವವರಿಗೆ ದ್ವೀಪದ ಮೇಲೆಯೇ ತಂಗಬೇಕೆಂದಿದ್ದರೆ, ನಿಲ್ದಾಣಕ್ಕೋ ದೋಣಿ ನಿಲ್ಲುವ ಕಟ್ಟೆಗೋ ಹತ್ತಿರವಿರುವ ಕೊಠಡಿಯನ್ನು ತಿಂಗಳುಗಳ ಮೊದಲೇ ಹಿಡಿಯಿರಿ ಎನ್ನುತ್ತೇನೆ. 2024ರಿಂದ ವೆನಿಸ್ ನಗರಾಡಳಿತವು ವರ್ಷದ ಕೆಲವು ದಿನಗಳಲ್ಲಿ ಒಂದೇ ದಿನಕ್ಕೆ ಬಂದು ಹೋಗುವವರಿಂದ ಪ್ರವೇಶ ಶುಲ್ಕ ವಸೂಲು ಮಾಡುತ್ತಿದೆ. ಮೆಸ್ತ್ರೆಯೂ ಸೇರಿದಂತೆ ನಗರಾಡಳಿತದ ಎಲ್ಲೆಯೊಳಗೆ ರಾತ್ರಿ ತಂಗುವವರಿಗೆ ಅದರಿಂದ ವಿನಾಯಿತಿಯಿದೆ; ಆದರೆ ಆ ದಿನಗಳಂದು ವಿನಾಯಿತಿಯ ಸಂಕೇತವನ್ನು ಆನ್‌ಲೈನಿನಲ್ಲಿ ಪಡೆದಿಟ್ಟುಕೊಳ್ಳಬೇಕು.

ನಾಲ್ವರಿಗೆ ಹೋಟೆಲಿಗಿಂತ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಅನುಕೂಲವಲ್ಲವೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅನುಕೂಲವೇ, ನೋಂದಣಿಯಾಗಿರುವುದಾದರೆ. ಪ್ಯಾರಿಸ್ಸಿನಲ್ಲಿ ಇಂಥ ಮನೆಗಳ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಇಟಲಿಯಲ್ಲಿ 2025ರಿಂದ ಸಿನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಅದು ಕಾಣದ ಮನೆಗೆ ಹಣ ಕಟ್ಟಬೇಡಿ. ಬಾರ್ಸಿಲೋನಾ ನಗರವಂತೂ 2028ರ ಕೊನೆಯ ಹೊತ್ತಿಗೆ ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ ಘೋಷಿಸಿದೆ.

ಪ್ರಶ್ನೆ: ನಿವೃತ್ತ ಅಧ್ಯಾಪಕ, ಒಬ್ಬನೇ ಪ್ರಯಾಣ ಮಾಡುವ ಅಭ್ಯಾಸ. ಹಲವು ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾ ಈಗಾಗಲೇ ಇದೆ. ಅಕ್ಟೋಬರಿನಲ್ಲಿ ಜರ್ಮನಿ, ಆಸ್ಟ್ರಿಯಾ, ಚೆಕ್ ಗಣರಾಜ್ಯ, ಹಂಗೇರಿಗಳನ್ನು ನಿಧಾನವಾಗಿ ನೋಡಬೇಕೆಂದಿದ್ದೇನೆ. ನಾನೂ ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕೇ?

ಉತ್ತರ: ಬೇಡ. ಬುಕ್ ಮಾಡದೆ ಹೋಗಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ. ಒಬ್ಬರೇ ಇದ್ದೀರಿ, ಬೇಸಿಗೆಯ ಜನಸಂದಣಿ ಇಳಿದಿರುತ್ತದೆ, ಮತ್ತು ಜರ್ಮನಿ ಹಾಗೂ ಆಸ್ಟ್ರಿಯಾಗಳ ಹೆಚ್ಚಿನ ರೈಲುಗಳಲ್ಲಿ ಆಸನ ಕಾಯ್ದಿರಿಸದೆಯೇ ಹತ್ತಬಹುದು. ವಿಮಾನ ಇಳಿದ ದಿನದ ರಾತ್ರಿ ಮತ್ತು ಹಿಂದಿರುಗುವ ಮುನ್ನಾ ದಿನದ ರಾತ್ರಿ, ಇವೆರಡನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ಮೊದಲ ರಾತ್ರಿಯದು ದಣಿವಿನ ಕಾರಣಕ್ಕಷ್ಟೇ ಅಲ್ಲ: ವೀಸಾ ಇದ್ದರೂ ಗಡಿಯ ಅಧಿಕಾರಿ ಎಲ್ಲಿ ತಂಗುತ್ತೀರಿ, ಖರ್ಚಿಗೆ ಹಣವಿದೆಯೇ ಎಂದು ಕೇಳುವ ಹಕ್ಕುಳ್ಳವರು. ಒಂದು ಖಚಿತ ವಿಳಾಸ, ಮುಂದಿನ ಊರುಗಳ ಸ್ಥೂಲ ಪಟ್ಟಿ ಮತ್ತು ಹಿಂದಿರುಗುವ ಟಿಕೆಟ್ ಕೈಯಲ್ಲಿರಲಿ.

ಆದರೆ ಅಕ್ಟೋಬರಿನಲ್ಲಿಯೂ ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಹೆಸರಿಗೆ ಅಕ್ಟೋಬರಿನದಾದರೂ ಸೆಪ್ಟೆಂಬರಿನಲ್ಲಿಯೇ ಶುರುವಾಗಿ ಸಾಮಾನ್ಯವಾಗಿ ಅಕ್ಟೋಬರಿನ ಮೊದಲ ಭಾನುವಾರದ ಹೊತ್ತಿಗೆ ಮುಗಿಯುತ್ತದೆ. ಅದು ಮುಗಿಯುವವರೆಗೆ ಮ್ಯೂನಿಕ್ ಕಡೆ ತಲೆ ಹಾಕಬೇಡಿ, ಹೋಗಲೇಬೇಕಾದರೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ಔಗ್ಸ್‌ಬುರ್ಗ್‌ನಲ್ಲಿ ತಂಗಿ. ಫ್ರಾಂಕ್‌ಫರ್ಟಿನ ಪುಸ್ತಕ ಮೇಳ ನಡೆಯುವುದೂ ಅಕ್ಟೋಬರಿನಲ್ಲೇ. ಆ ನಗರದ ಹೋಟೆಲುಗಳು ಪ್ರವಾಸಿಗಳಿಗಿಂತ ವ್ಯಾಪಾರ ಮೇಳಗಳಿಗೆ ಬರುವವರನ್ನು ನಂಬಿಕೊಂಡಿರುವುದರಿಂದ, ಮೇಳದ ವಾರ ದರ ಆಕಾಶಕ್ಕೇರಿ ಮರುವಾರ ಇಳಿದುಬಿಡುತ್ತದೆ. ಅಕ್ಟೋಬರ್ 3 ಜರ್ಮನಿಯ, 23 ಹಂಗೇರಿಯ, 26 ಆಸ್ಟ್ರಿಯಾದ, 28 ಚೆಕ್ ಗಣರಾಜ್ಯದ ರಾಷ್ಟ್ರೀಯ ರಜಾದಿನಗಳು. ಇವು ವಾರಾಂತ್ಯಕ್ಕೆ ಅಂಟಿಕೊಂಡು ಬಂದರೆ ಸ್ಥಳೀಯರೇ ಪ್ರವಾಸ ಹೊರಡುತ್ತಾರೆ.

ವಾರದ ದಿನಕ್ಕೂ ದರಕ್ಕೂ ಇರುವ ನಂಟನ್ನು ತಿಳಿದರೆ ನಿಮ್ಮಂಥವರಿಗೆ ಬಹಳ ಲಾಭವಿದೆ. ಪ್ರಾಗ್, ಬುಡಾಪೆಸ್ಟ್, ಸಾಲ್ಜ್‌ಬರ್ಗ್‌ಗಳಂಥ ವಿಹಾರದ ಊರುಗಳಲ್ಲಿ ಶುಕ್ರವಾರ, ಶನಿವಾರದ ರಾತ್ರಿ ದುಬಾರಿ. ಫ್ರಾಂಕ್‌ಫರ್ಟ್, ಬ್ರಸೆಲ್ಸ್‌ಗಳಂಥ ಕಚೇರಿ ವ್ಯವಹಾರದ ಊರುಗಳಲ್ಲಿ ಅದೇ ರಾತ್ರಿಗಳು ಅಗ್ಗ. ಇದಕ್ಕೆ ಒಂದು ವಿಚಿತ್ರ ಉದಾಹರಣೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಯುರೋಪಿಯನ್ ಸಂಸತ್ತಿನ ಪೂರ್ಣ ಅಧಿವೇಶನಗಳು ವರ್ಷಕ್ಕೆ ಹನ್ನೆರಡು ಬಾರಿ, ಸೋಮವಾರದಿಂದ ಗುರುವಾರದವರೆಗೆ ಅಲ್ಲಿ ಸೇರುತ್ತವೆ. ಸದಸ್ಯರು, ಅವರ ಸಿಬ್ಬಂದಿ, ಭಾಷಾಂತರಕಾರರು, ಪತ್ರಕರ್ತರು ಎಲ್ಲರೂ ಬ್ರಸೆಲ್ಸ್ ಬಿಟ್ಟು ಅಲ್ಲಿಗೆ ಬರುತ್ತಾರೆ. ಏನೂ ಅರಿಯದ ಪ್ರವಾಸಿ ಮಂಗಳವಾರ ಸಂಜೆ ಅಲ್ಲಿ ಇಳಿದು, ಹಬ್ಬವೂ ಇಲ್ಲ, ರಜೆಯೂ ಇಲ್ಲ, ಕೊಠಡಿಗಳೆಲ್ಲ ಎಲ್ಲಿ ಹೋದವು ಎಂದು ಬೆರಗಾಗುತ್ತಾನೆ. ಅಧಿವೇಶನದ ದಿನಾಂಕಗಳು ಬಹಳ ಮೊದಲೇ ಪ್ರಕಟವಾಗಿರುತ್ತವೆ.

ದಿನನಿತ್ಯದ ಕ್ರಮ ಹೀಗಿರಲಿ: ಮರುದಿನ ಎಲ್ಲಿರಬೇಕೆಂದು ಹಿಂದಿನ ಸಂಜೆಯೇ ನಿರ್ಧರಿಸಿ, ಮೊಬೈಲಿನಲ್ಲಿ ಕೊಠಡಿ ನೋಡಿ, ಮಧ್ಯಾಹ್ನದೊಳಗೆ ಹಿಡಿದುಬಿಡಿ. ಹಳ್ಳಿಗಾಡಿನಲ್ಲಿ ಮನೆಗಳ ಮುಂದೆ ‘ತ್ಸಿಮ್ಮರ್ ಫ್ರೈ’ ಎಂಬ ಫಲಕ ತೂಗುಹಾಕಿದ್ದರೆ ಕೊಠಡಿ ಖಾಲಿಯಿದೆಯೆಂದು ಅರ್ಥ; ಗಂಟೆ ಬಾರಿಸಿ ಕೇಳಬಹುದು, ಕೊಠಡಿ ನೋಡಿದ ಮೇಲೆ ಒಪ್ಪಬಹುದು. ಊರಿನ ಪ್ರವಾಸಿ ಮಾಹಿತಿ ಕೇಂದ್ರದವರೂ ಸಹಾಯ ಮಾಡುತ್ತಾರೆ, ಆದರೆ ಅವರು ಸಂಜೆಗೆ ಬಾಗಿಲು ಹಾಕುತ್ತಾರೆ; ಭಾನುವಾರ ಅವರನ್ನು ನಂಬಿಕೊಂಡು ಹೋಗಬೇಡಿ. ಪೆನ್ಶನ್ ಎಂದು ಕರೆಯುವ ಸಣ್ಣ ತಂಗುಮನೆಗಳಲ್ಲಿ ರಾತ್ರಿಯಿಡೀ ರಿಸೆಪ್ಷನ್ ಇರುವುದಿಲ್ಲ. ಹತ್ತು ಗಂಟೆಯ ಮೇಲೆ ಹೋಗಿ ಬಾಗಿಲು ತಟ್ಟಿದರೆ ತೆರೆಯುವವರೇ ಇರುವುದಿಲ್ಲ. ತಡವಾಗುತ್ತದೆಂದು ಮೊದಲೇ ತಿಳಿಸಿದ್ದರೆ ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಕೀಲಿ ಇಟ್ಟು, ಅದನ್ನು ತೆರೆಯುವ ಸಂಖ್ಯೆಯನ್ನು ಕಳುಹಿಸಿರುತ್ತಾರೆ. ಪ್ರವಾಸವನ್ನು ನವೆಂಬರಿಗೆ ಎಳೆಯುವ ಆಲೋಚನೆಯಿದ್ದರೆ ಆಲ್ಪ್ಸ್ ತಪ್ಪಲಿನ ಊರುಗಳನ್ನು ಮೊದಲೇ ಮುಗಿಸಿಕೊಳ್ಳಿ. ಬೇಸಿಗೆಯ ನಡಿಗೆಯವರು ಹೋಗಿ, ಸ್ಕೀಯಿಂಗಿನವರು ಇನ್ನೂ ಬಾರದ ಆ ದಿನಗಳಲ್ಲಿ ಅಲ್ಲಿನ ಅನೇಕ ಹೋಟೆಲುಗಳು ಮುಚ್ಚಿರುತ್ತವೆ.

ಪ್ರಶ್ನೆ: ವೀಸಾಗೆಂದು ಹೋಟೆಲ್ ಬುಕ್ ಮಾಡಿ, ವೀಸಾ ಸಿಕ್ಕ ಕೂಡಲೇ ಎಲ್ಲವನ್ನೂ ರದ್ದು ಮಾಡಿಬಿಡಿ ಎಂದು ಏಜೆಂಟರೊಬ್ಬರು ಸಲಹೆ ಕೊಟ್ಟಿದ್ದಾರೆ. ಹಣ ಕಟ್ಟದೆಯೇ ಬುಕಿಂಗ್ ಪತ್ರ ಮಾಡಿಕೊಡುತ್ತೇನೆ ಎಂದೂ ಹೇಳುತ್ತಾರೆ. ಇದು ಸರಿಯೇ?

ಉತ್ತರ: ಇಲ್ಲಿ ಎರಡು ವಿಷಯಗಳು ಬೆರೆತಿವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ನಿಜವಾಗಿ ಮಾಡಿದ ಬುಕಿಂಗನ್ನು ಆಮೇಲೆ ಬದಲಾಯಿಸುವುದು ಅಪರಾಧವಲ್ಲ. ಒಂದು ಹೋಟೆಲ್ ಬಿಟ್ಟು ಅದೇ ಊರಿನ ಇನ್ನೊಂದಕ್ಕೆ ಹೋಗುವುದನ್ನಾಗಲಿ, ಎರಡು ರಾತ್ರಿಯನ್ನು ಮೂರು ಮಾಡಿಕೊಳ್ಳುವುದನ್ನಾಗಲಿ ಯಾರೂ ಆಕ್ಷೇಪಿಸುವುದಿಲ್ಲ. ಇಲ್ಲದ ಬುಕಿಂಗನ್ನು ಇದೆಯೆಂದು ತೋರಿಸುವ ಕಾಗದ ಸಲ್ಲಿಸುವುದು ಸುಳ್ಳು ದಾಖಲೆ ಸಲ್ಲಿಸಿದಂತೆ, ಮತ್ತು ಷೆಂಗೆನ್ ವೀಸಾ ನಿಯಮಗಳಲ್ಲಿ ಅರ್ಜಿ ತಿರಸ್ಕರಿಸಲು ಅದೊಂದೇ ಸಾಕು. ವೀಸಾ ಕಚೇರಿಯವರು ಹೋಟೆಲಿಗೇ ವಿಚಾರಿಸಿ ನೋಡಬಹುದು. ಅಂಥ ಏಜೆಂಟರಿಂದ ದೂರವಿರಿ.

ಬದಲಾವಣೆಗೂ ಒಂದು ಮಿತಿಯಿದೆ. ಅರ್ಜಿಯನ್ನು ಅತಿ ಹೆಚ್ಚು ದಿನ ತಂಗುವ ದೇಶದ ಕಚೇರಿಗೆ ಸಲ್ಲಿಸಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಫ್ರಾನ್ಸಿನಲ್ಲಿ ಎಂಟು ದಿನ ಎಂದು ತೋರಿಸಿ ಫ್ರಾನ್ಸಿನಿಂದ ವೀಸಾ ಪಡೆದು, ಅಲ್ಲಿನದನ್ನೆಲ್ಲ ರದ್ದುಪಡಿಸಿ ನೇರವಾಗಿ ರೋಮ್‌ನಲ್ಲಿ ಇಳಿದು ಇಟಲಿಯಲ್ಲೇ ಕಾಲ ಕಳೆದರೆ, ಗಡಿಯಲ್ಲಿ ವಿವರಣೆ ಕೊಡಬೇಕಾದೀತು; ಮುಂದಿನ ಅರ್ಜಿಯ ಮೇಲೂ ಅದರ ನೆರಳು ಬೀಳಬಹುದು. ಮುಖ್ಯ ದೇಶವನ್ನು ಹಾಗೆಯೇ ಉಳಿಸಿಕೊಂಡು ಉಳಿದದ್ದನ್ನು ಸಡಿಲಿಸಿಕೊಳ್ಳಿ. ಲಂಡನ್ ಅಥವಾ ಎಡಿನ್‌ಬರೋ ಕೂಡ ನಿಮ್ಮ ಪಟ್ಟಿಯಲ್ಲಿದ್ದರೆ ಅದಕ್ಕೆ ಬ್ರಿಟನ್ನಿನ ಪ್ರತ್ಯೇಕ ವೀಸಾ ಬೇಕು. ಆಗಸ್ಟಿನ ಉತ್ಸವಗಳ ಹೊತ್ತಿನಲ್ಲಿ ಎಡಿನ್‌ಬರೋದಲ್ಲಿ ಕೊನೆಯ ಗಳಿಗೆಗೆ ಕೊಠಡಿ ಸಿಗುತ್ತದೆಂದು ನಂಬಿ ಹೋಗುವುದಂತೂ ಬೇಡ.

ಪ್ರಶ್ನೆ: ಒಂದೇ ಕೊಠಡಿಗೆ ಎರಡು ದರ ಕಾಣುತ್ತದೆ. ಈಗಲೇ ಹಣ ಕಟ್ಟಿದರೆ ಕಡಿಮೆ, ಆದರೆ ವಾಪಸ್ ಸಿಗುವುದಿಲ್ಲ. ಯಾವುದನ್ನು ಆರಿಸಬೇಕು?

ಉತ್ತರ: ವೀಸಾ ಕೈಗೆ ಬರುವವರೆಗೆ ವಾಪಸ್ ಸಿಗದ ದರದ ತಂಟೆಗೆ ಹೋಗಬೇಡಿ. ಬಂದ ಮೇಲೆ, ವಿಮಾನದ ಟಿಕೆಟ್ಟಿಗೆ ಹೊಂದಿಕೊಂಡಿರುವ ಮೊದಲ ಮತ್ತು ಕೊನೆಯ ರಾತ್ರಿಗಳಿಗೆ ಅದನ್ನು ಧಾರಾಳವಾಗಿ ಆರಿಸಬಹುದು. ಆ ದಿನಾಂಕಗಳು ಹೇಗೂ ಕದಲುವುದಿಲ್ಲ. ನಡುವಿನ ರಾತ್ರಿಗಳಿಗೆ ಬೇಡ. ಫ್ರಾನ್ಸ್ ಮತ್ತು ಇಟಲಿಗಳಲ್ಲಿ ರೈಲ್ವೆ ಮುಷ್ಕರ ಹೊಸ ಸಂಗತಿಯೇನಲ್ಲ, ಒಂದು ದಿನ ರೈಲು ತಪ್ಪಿದರೆ ಮುಂದಿನ ಸಾಲೆಲ್ಲ ಸರಿಯುತ್ತದೆ. ಹಾಗೆ ತಡವಾದಾಗ ಹೋಟೆಲಿಗೆ ಅಂದೇ ಫೋನ್ ಮಾಡಿ ತಿಳಿಸಲೇಬೇಕು. ಮೂರು ರಾತ್ರಿಗೆ ಬುಕ್ ಮಾಡಿ ಮೊದಲ ರಾತ್ರಿ ಸುದ್ದಿಯಿಲ್ಲದೆ ತಪ್ಪಿಸಿಕೊಂಡರೆ ಮೂರನ್ನೂ ರದ್ದು ಮಾಡಿಬಿಡುವ ಹೋಟೆಲುಗಳಿವೆ.

ದರ ಹೋಲಿಸುವಾಗ ನಗರ ತೆರಿಗೆಯನ್ನೂ, ಅಂದರೆ ರಾತ್ರಿ ತಂಗುವವರಿಂದ ಆಯಾ ನಗರ ಪಡೆಯುವ ತೆರಿಗೆಯನ್ನೂ, ಗಮನಿಸಿ. ಇದು ಅನೇಕ ಕಡೆ ಕೊಠಡಿಯ ದರದಲ್ಲಿ ಸೇರಿರುವುದಿಲ್ಲ, ಹೋಟೆಲಿನಲ್ಲಿಯೇ ಕೊಡಬೇಕಾಗುತ್ತದೆ. ರೋಮ್‌ನಲ್ಲಿ ಅದು ಹೋಟೆಲಿನ ದರ್ಜೆಗೆ ತಕ್ಕಂತೆ ತಲೆಗೆ, ರಾತ್ರಿಗೆ ಇಷ್ಟೆಂದು ಲೆಕ್ಕ, ಐದು ನಕ್ಷತ್ರದ ಹೋಟೆಲಿನಲ್ಲಿ 10 ಯೂರೋ. ಆಮ್‌ಸ್ಟರ್‌ಡ್ಯಾಮಿನಲ್ಲಿ 2024ರಿಂದ ಕೊಠಡಿ ದರದ ಶೇ 12.5. ಬುಕಿಂಗ್ ತಾಣದಲ್ಲಿ ಕೊಠಡಿ ಕಂಡ ಮೇಲೆ ಅದೇ ಹೋಟೆಲಿನ ಸ್ವಂತ ತಾಣವನ್ನೂ ಒಮ್ಮೆ ನೋಡಿ. ಬೆಲೆ ಅಷ್ಟೇ ಇದ್ದರೂ ರದ್ದತಿಯ ಗಡುವು ಅಲ್ಲಿ ಸಡಿಲವಾಗಿರುವುದುಂಟು. ಕಾರ್ಡ್ ಯಂತ್ರವು ಯೂರೋದಲ್ಲಿ ಕಡಿಯಲೋ ರೂಪಾಯಿಯಲ್ಲಿ ಕಡಿಯಲೋ ಎಂದು ಕೇಳಿದರೆ ಯೂರೋ ಎನ್ನಿ. ಬುಕಿಂಗ್ ದೃಢಪಟ್ಟಿದೆಯೆಂದು ಕೈತೊಳೆದುಕೊಳ್ಳದೆ ಆಗಾಗ ಇಮೇಲ್ ನೋಡುತ್ತಿರಿ, ಏಕೆಂದರೆ ಕಾರ್ಡ್ ಪರಿಶೀಲನೆ ವಿಫಲವಾದರೆ ಹೋಟೆಲಿನವರು ಸ್ವಲ್ಪ ಕಾಲಾವಕಾಶ ಕೊಟ್ಟು ಕೊಠಡಿಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಆ ದೃಢೀಕರಣ ಪತ್ರದಿಂದ ಚಿಕ್ಕದೊಂದು ಲಾಭವೂ ಇದೆ: ಬಾಸೆಲ್ ನಗರದಲ್ಲಿ ಬಂದಿಳಿದ ದಿನ ನಿಲ್ದಾಣದಿಂದ ಹೋಟೆಲಿಗೆ ಅದನ್ನೇ ತೋರಿಸಿ ಟ್ರಾಮಿನಲ್ಲಿ ಉಚಿತವಾಗಿ ಹೋಗಬಹುದು.

ಪ್ರಶ್ನೆ: ಸ್ಪೇನಿನ ಸಾಂತಿಯಾಗೋ ಯಾತ್ರಾಮಾರ್ಗದಲ್ಲಿ ಸಾರಿಯಾ ಎಂಬಲ್ಲಿಂದ ಕೊನೆಯ ನೂರು ಕಿಲೋಮೀಟರುಗಳನ್ನು ಗೆಳತಿಯರು ಸೇರಿ ಮೇ ತಿಂಗಳಲ್ಲಿ ನಡೆಯಬೇಕೆಂದಿದ್ದೇವೆ. ಅಲ್ಲಿಯೂ ಬುಕ್ ಮಾಡಬೇಕೇ?

ಉತ್ತರ: ಅಲ್ಲಿನ ಸರ್ಕಾರಿ ಅಲ್ಬೆರ್ಗೆಗಳಲ್ಲಿ, ಅಂದರೆ ಯಾತ್ರಿಕರ ತಂಗುಮನೆಗಳಲ್ಲಿ, ಬುಕ್ ಮಾಡಲು ಬರುವುದಿಲ್ಲ. ಯಾತ್ರಿಕರ ಪುಸ್ತಿಕೆ ತೋರಿಸಿದವರಿಗೆ, ಬಂದ ಸರದಿಯಲ್ಲಿ, ಸಾಮಾನ್ಯವಾಗಿ ಒಂದು ರಾತ್ರಿಗೆ ಮಾತ್ರ ಹಾಸಿಗೆ ಕೊಡುತ್ತಾರೆ. ಸಾಂತಿಯಾಗೋದಲ್ಲಿ ಯಾತ್ರೆ ಮುಗಿಸಿದ ಪ್ರಮಾಣಪತ್ರ ಪಡೆಯಲು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕೆಂಬ ನಿಯಮದಿಂದಾಗಿ ಸಾರಿಯಾದಿಂದ ಮುಂದಿನ ಹಾದಿ ಇಡೀ ಮಾರ್ಗದಲ್ಲೇ ಹೆಚ್ಚು ಜನರಿರುವ ಭಾಗ. ನೀವು ಮೂವರು ನಾಲ್ವರು ಒಟ್ಟಿಗೆ ಇರಬೇಕೆಂದರೆ ಬುಕಿಂಗ್ ತೆಗೆದುಕೊಳ್ಳುವ ಖಾಸಗಿ ಅಲ್ಬೆರ್ಗೆಗಳನ್ನೇ ನೋಡಿಕೊಳ್ಳಿ. ಬೆನ್ನಿನ ಚೀಲವನ್ನು ಬೆಳಿಗ್ಗೆ ಒಪ್ಪಿಸಿ ಮುಂದಿನ ತಂಗುದಾಣಕ್ಕೆ ವಾಹನದಲ್ಲಿ ಕಳುಹಿಸುವ ಸೇವೆ ಬಳಸುವುದಾದರಂತೂ ಅದು ಅನಿವಾರ್ಯ, ಏಕೆಂದರೆ ಹಾಗೆ ಬಂದ ಚೀಲಗಳನ್ನು ಸರ್ಕಾರಿ ಅಲ್ಬೆರ್ಗೆಯವರು ಸಾಮಾನ್ಯವಾಗಿ ತೆಗೆದಿಟ್ಟುಕೊಳ್ಳುವುದಿಲ್ಲ.